ವಿದೇಶಿ ನೆಲೆಯ ಕ್ಯಾಬಿನ್ ಸಿಬ್ಬಂದಿ

ವಿದೇಶಿ ನೆಲೆಯ ಕ್ಯಾಬಿನ್ ಸಿಬ್ಬಂದಿ ಎಂದರೆ ಸ್ವದೇಶದ ಹೊರಗಿನ ನಗರವೊಂದನ್ನು ಕೆಲಸದ ನೆಲೆಯಾಗಿ ಹೊಂದಿ, ಅಲ್ಲಿಂದ ಹೊರಡುವ ವಿಮಾನಗಳಲ್ಲಿ ಪ್ರಯಾಣಿಕರ ಸುರಕ್ಷತೆ ಹಾಗೂ ಸೇವೆಯ ಹೊಣೆ ಹೊರುವ ಗಗನಸಖಿಯರು ಮತ್ತು ಪುರುಷ ಪರಿಚಾರಕರು. ದುಬೈ, ದೋಹಾ ಮತ್ತು ಅಬುಧಾಬಿಗಳು ಭಾರತೀಯರು ಇಂಥ ಉದ್ಯೋಗಕ್ಕಾಗಿ ತೆರಳುವ ಪ್ರಮುಖ ನೆಲೆಗಳಾಗಿವೆ. ಈ ಸಿಬ್ಬಂದಿಯ ವಿಶ್ರಾಂತಿಯ ಲೆಕ್ಕವೂ ಉದ್ಯೋಗಕ್ಕೆ ಅನ್ವಯವಾಗುವ ಕಾನೂನೂ ಬಹುಮಟ್ಟಿಗೆ ಅವರ ನೆಲೆಯನ್ನು ಅವಲಂಬಿಸಿರುತ್ತವೆ; ಅವರ ಊರನ್ನಾಗಲಿ ಪೌರತ್ವವನ್ನಾಗಲಿ ಅಲ್ಲ.

ನೆಲೆ

ಸಿಬ್ಬಂದಿಯು ಸಾಮಾನ್ಯವಾಗಿ ಕರ್ತವ್ಯವನ್ನು ಆರಂಭಿಸಿ ಮುಗಿಸುವಂತೆ ಸಂಸ್ಥೆಯು ಗೊತ್ತುಪಡಿಸಿದ ಸ್ಥಳವನ್ನು ನೆಲೆ ಎನ್ನುತ್ತಾರೆ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ನೆಲೆಯಲ್ಲಿ ವಸತಿಯ ಏರ್ಪಾಡು ಸಾಮಾನ್ಯವಾಗಿ ಸಂಸ್ಥೆಯ ಹೊಣೆಯಲ್ಲ. ನೆಲೆಯ ಹೊರಗೆ ತಂಗಬೇಕಾದಾಗ ಮಾತ್ರ ಹೋಟೆಲಿನ ವ್ಯವಸ್ಥೆಯನ್ನು ಸಂಸ್ಥೆ ಮಾಡಬೇಕು. ಕೊಲ್ಲಿ ರಾಷ್ಟ್ರಗಳ ಎಮಿರೇಟ್ಸ್, ಕತಾರ್ ಏರ್‌ವೇಸ್ ಮೊದಲಾದ ಸಂಸ್ಥೆಗಳು ವಿದೇಶಗಳಿಂದ ನೇಮಿಸಿಕೊಂಡ ಸಿಬ್ಬಂದಿಗೆ ನೆಲೆಯಲ್ಲಿಯೂ ವಸತಿ ಒದಗಿಸುತ್ತವೆ. ಉದ್ಯೋಗ, ವೀಸಾ ಮತ್ತು ವಸತಿ ಮೂರೂ ಒಂದೇ ಸಂಸ್ಥೆಗೆ ಸೇರಿಕೊಂಡಿರುವುದರಿಂದ, ಕೆಲಸ ಬಿಟ್ಟವರು ಮನೆಯನ್ನೂ ಆ ದೇಶದಲ್ಲಿ ವಾಸಿಸುವ ಅನುಮತಿಯನ್ನೂ ಒಟ್ಟಿಗೆ ಕಳೆದುಕೊಳ್ಳುವ ಸಂಭವವಿರುತ್ತದೆ.

ಕೆಲಸದ ಸ್ವರೂಪ

ಊಟೋಪಚಾರವು ಪ್ರಯಾಣಿಕರಿಗೆ ಕಾಣುವ ಭಾಗವಾದರೂ ಕ್ಯಾಬಿನ್ ಸಿಬ್ಬಂದಿಯ ಮೂಲ ಕರ್ತವ್ಯ ಸುರಕ್ಷತೆ. ತುರ್ತು ನಿರ್ಗಮನ, ಬೆಂಕಿ ನಂದಿಸುವಿಕೆ, ಪ್ರಥಮ ಚಿಕಿತ್ಸೆ ಮುಂತಾದವುಗಳಲ್ಲಿ ತರಬೇತಿ ಪಡೆದು, ನಿಗದಿತ ಅವಧಿಗೊಮ್ಮೆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿರಬೇಕು. ಅನೇಕ ದೇಶಗಳ ನಿಯಮಗಳಂತೆ ಪ್ರತಿ 50 ಆಸನಗಳಿಗೆ ಕನಿಷ್ಠ ಒಬ್ಬ ಸಿಬ್ಬಂದಿ ಇರಬೇಕು. ಹಾಗಾಗಿ 180 ಆಸನಗಳ ವಿಮಾನಕ್ಕೆ ಕನಿಷ್ಠ ನಾಲ್ವರು ಬೇಕಾಗುತ್ತಾರೆ. ಒಬ್ಬರು ಕಡಿಮೆಯಾದರೂ ವಿಮಾನವು ಪೂರ್ಣ ಸಂಖ್ಯೆಯ ಪ್ರಯಾಣಿಕರೊಂದಿಗೆ ಹೊರಡಲಾಗದು. ಸಂಸ್ಥೆಗಳು ಬದಲಿ ಸಿಬ್ಬಂದಿಯನ್ನು ಸದಾ ಸಿದ್ಧವಾಗಿರಿಸಿಕೊಳ್ಳಲು ಇದೇ ಕಾರಣ.

ಕರ್ತವ್ಯಪಟ್ಟಿ

ಯಾರು, ಯಾವ ದಿನ, ಯಾವ ವಿಮಾನದಲ್ಲಿ ಕೆಲಸ ಮಾಡಬೇಕೆಂದು ತಿಳಿಸುವ ಪಟ್ಟಿಯನ್ನು ರೋಸ್ಟರ್ ಎಂದು ಕರೆಯಲಾಗುತ್ತದೆ. ಹೆಚ್ಚಿನ ಸಂಸ್ಥೆಗಳು ಇದನ್ನು ತಿಂಗಳಿಗೊಮ್ಮೆ ಪ್ರಕಟಿಸುತ್ತವೆ. ಕೆಲವು ಸಂಸ್ಥೆಗಳಲ್ಲಿ ಸಿಬ್ಬಂದಿಯು ತಮಗೆ ಬೇಕಾದ ಮಾರ್ಗ ಅಥವಾ ರಜಾದಿನಗಳಿಗೆ ಮುಂಚಿತವಾಗಿ ಕೋರಿಕೆ ಸಲ್ಲಿಸಬಹುದು. ಸೇವಾ ಹಿರಿತನ ಅಥವಾ ಸರದಿಯ ಆಧಾರದ ಮೇಲೆ ಕೋರಿಕೆಗಳನ್ನು ಪರಿಗಣಿಸಲಾಗುತ್ತದೆ. ರೋಸ್ಟರ್‌ನಲ್ಲಿ ಸಾಮಾನ್ಯವಾಗಿ ಕಂಡುಬರುವ ದಿನಗಳು ಇವು:

ಹೋಗಿ ಬರುವ ಕರ್ತವ್ಯ: ಹೊರಟ ನೆಲೆಗೆ ಅದೇ ಕರ್ತವ್ಯಾವಧಿಯಲ್ಲಿ ಹಿಂತಿರುಗುವುದು. ದುಬೈ ನೆಲೆಯ ಸಿಬ್ಬಂದಿಯು ಬೆಂಗಳೂರಿಗೆ ಬಂದರೂ, ಇಂಥ ಕರ್ತವ್ಯದಲ್ಲಿ ಪ್ರಯಾಣಿಕರು ಇಳಿದು ಹೊಸಬರು ಹತ್ತುವವರೆಗೆ ವಿಮಾನದಲ್ಲೇ ಉಳಿದು ಮರಳುತ್ತಾರೆ.

ಲೇಓವರ್: ದೂರದ ಊರಿನಲ್ಲಿ ಹೋಟೆಲಿನಲ್ಲಿ ತಂಗಿ, ವಿಶ್ರಾಂತಿಯ ನಂತರ ಮುಂದಿನ ವಿಮಾನದಲ್ಲಿ ಕೆಲಸ ಮುಂದುವರಿಸುವುದು.

ಸ್ಟ್ಯಾಂಡ್‌ಬೈ: ಕರೆ ಬಂದರೆ ನಿಗದಿತ ಸಮಯದೊಳಗೆ ಹಾಜರಾಗುವಂತೆ ಮನೆಯಲ್ಲಿ ಅಥವಾ ನಿಲ್ದಾಣದಲ್ಲಿ ಸಿದ್ಧವಾಗಿರುವುದು. ಯುರೋಪಿನಲ್ಲಿ ನಿಲ್ದಾಣದ ಹೊರಗಿನ ಸ್ಟ್ಯಾಂಡ್‌ಬೈ ಅವಧಿ 16 ಗಂಟೆ ಮೀರುವಂತಿಲ್ಲ.

ಬಿಡುವಿನ ದಿನ: ಯಾವುದೇ ಕರೆಗೆ ಸ್ಪಂದಿಸಬೇಕಾಗಿಲ್ಲದ ದಿನ.

ಕರ್ತವ್ಯ ಮತ್ತು ವಿಶ್ರಾಂತಿಯ ಮಿತಿಗಳು

ದಣಿದ ಸಿಬ್ಬಂದಿಯು ತುರ್ತು ಸಂದರ್ಭದಲ್ಲಿ ತಪ್ಪು ನಿರ್ಧಾರ ಕೈಗೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಕರ್ತವ್ಯದ ಮಿತಿಗಳು ವಿಮಾನಯಾನ ಸುರಕ್ಷತಾ ನಿಯಮಗಳ ಭಾಗವಾಗಿವೆ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಇವುಗಳನ್ನು ರೂಪಿಸುತ್ತದೆ. ಭಾರತೀಯ ಪ್ರಜೆಯೇ ಆದರೂ ವಿದೇಶಿ ಸಂಸ್ಥೆಯ ಸಿಬ್ಬಂದಿಗೆ ಆ ಸಂಸ್ಥೆಗೆ ಪರವಾನಗಿ ನೀಡಿದ ದೇಶದ ನಿಯಮಗಳು ಅನ್ವಯಿಸುತ್ತವೆ.

ಯುರೋಪಿಯನ್ ಒಕ್ಕೂಟದಲ್ಲಿ 2016ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮಗಳಂತೆ ಕರ್ತವ್ಯವು 7 ದಿನಗಳಲ್ಲಿ 60 ಗಂಟೆ ಹಾಗೂ 28 ದಿನಗಳಲ್ಲಿ 190 ಗಂಟೆ ಮೀರಬಾರದು. ಹಾರಾಟದ ಅವಧಿಗೆ 28 ದಿನಗಳಲ್ಲಿ 100 ಗಂಟೆ ಮತ್ತು ಒಂದು ಕ್ಯಾಲೆಂಡರ್ ವರ್ಷದಲ್ಲಿ 900 ಗಂಟೆಗಳ ಮಿತಿಯಿದೆ. ನೆಲೆಯಿಂದ ಹೊರಡುವ ಮುನ್ನ ಕನಿಷ್ಠ 12 ಗಂಟೆ, ನೆಲೆಯ ಹೊರಗೆ ಕನಿಷ್ಠ 10 ಗಂಟೆ ವಿಶ್ರಾಂತಿ ದೊರೆಯಬೇಕು; ಹಿಂದಿನ ಕರ್ತವ್ಯ ಇದಕ್ಕಿಂತ ದೀರ್ಘವಾಗಿದ್ದರೆ ವಿಶ್ರಾಂತಿಯೂ ಅಷ್ಟೇ ದೀರ್ಘವಾಗಿರಬೇಕು. ಇದಲ್ಲದೆ, ಎರಡು ರಾತ್ರಿಗಳನ್ನು ಒಳಗೊಂಡ 36 ಗಂಟೆಗಳ ವಿಶ್ರಾಂತಿಯನ್ನು ನಿಯತವಾಗಿ ನೀಡಬೇಕು. ಇಂಥ ಎರಡು ವಿಶ್ರಾಂತಿಗಳ ನಡುವೆ 168 ಗಂಟೆಗಿಂತ ಹೆಚ್ಚಿನ ಅಂತರವಿರಬಾರದು. ಅಮೆರಿಕದಲ್ಲಿ 2022ರಲ್ಲಿ ಕ್ಯಾಬಿನ್ ಸಿಬ್ಬಂದಿಯ ಕನಿಷ್ಠ ವಿಶ್ರಾಂತಿಯನ್ನು 10 ಗಂಟೆಗೆ ಹೆಚ್ಚಿಸಲಾಯಿತು.

ಮನೆಯಿಂದ ನೆಲೆಗೆ ಪ್ರಯಾಣಿಸುವ ಸಮಯವನ್ನು ಕರ್ತವ್ಯವೆಂದು ಎಣಿಸುವುದಿಲ್ಲ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ 90 ನಿಮಿಷಕ್ಕಿಂತ ಹೆಚ್ಚು ಕಾಲ ಬೇಕಾದರೆ ನೆಲೆಯ ಸಮೀಪದಲ್ಲೇ ತಾತ್ಕಾಲಿಕ ವಸತಿ ಮಾಡಿಕೊಳ್ಳುವುದನ್ನು ಪರಿಗಣಿಸಬೇಕೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ.

ವೇತನ

ವೇತನದಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಮೂಲ ವೇತನ, ಹಾರಾಟದ ಗಂಟೆಗಳಿಗೆ ತಕ್ಕ ಭತ್ಯೆ ಮತ್ತು ಹೊರಗೆ ತಂಗಿದಾಗಿನ ಊಟದ ಭತ್ಯೆ. ಹಾರಾಟದ ಸಮಯವನ್ನು ವಿಮಾನವು ನಿಲುಗಡೆಯಿಂದ ಕದಲಿದಾಗಿನಿಂದ ಮತ್ತೆ ನಿಲ್ಲುವವರೆಗೆ ಎಣಿಸುವ ಪದ್ಧತಿಯಿದೆ. ಹೀಗಾಗಿ ಪ್ರಯಾಣಿಕರನ್ನು ಹತ್ತಿಸುವ ಹಾಗೂ ವಿಳಂಬದಿಂದಾಗಿ ಕಾಯುವ ಸಮಯವು ಅನೇಕ ಸಂಸ್ಥೆಗಳಲ್ಲಿ ಗಂಟೆಯ ಭತ್ಯೆಯ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಡೆಲ್ಟಾ ಸಂಸ್ಥೆ 2022ರಲ್ಲಿ ಪ್ರಯಾಣಿಕರನ್ನು ಹತ್ತಿಸುವ ಸಮಯಕ್ಕೆ ಅರ್ಧ ದರದ ವೇತನವನ್ನು ಜಾರಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ 10,000ಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ನಡೆಸಿದ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ನೆಲದ ಮೇಲಿನ ಕೆಲಸಕ್ಕೆ ವೇತನ ನೀಡಬೇಕೆಂಬುದೂ ಒಂದಾಗಿತ್ತು.

ಅನ್ವಯವಾಗುವ ಕಾನೂನು

ಒಂದೇ ಸಂಸ್ಥೆಯ ಸಿಬ್ಬಂದಿಗೂ ನೆಲೆಗೆ ಅನುಗುಣವಾಗಿ ಬೇರೆ ಬೇರೆ ಷರತ್ತುಗಳು ಇರಬಹುದೆಂಬುದು ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಏರ್ ಇಂಡಿಯಾ ವಿರುದ್ಧ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ (1981) ಚರ್ಚೆಗೆ ಬಂದಿತು. ಗಗನಸಖಿಯರು 35ನೇ ವಯಸ್ಸಿಗೆ, ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ವಿವಾಹವಾದಾಗ ಅಥವಾ ಮೊದಲ ಬಾರಿ ಗರ್ಭಿಣಿಯಾದಾಗ ನಿವೃತ್ತರಾಗಬೇಕೆಂದು ಆಗಿನ ನಿಯಮ ವಿಧಿಸಿತ್ತು. ಬ್ರಿಟನ್ನಿನಲ್ಲಿ ನೇಮಕಗೊಂಡವರ ಷರತ್ತುಗಳು ಅಲ್ಲಿನ ಸ್ಥಳೀಯ ಕಾನೂನಿನ ಕಾರಣದಿಂದ ಭಿನ್ನವಾಗಿದ್ದವು. ಗರ್ಭಧಾರಣೆಯ ಷರತ್ತನ್ನು ನ್ಯಾಯಾಲಯ ರದ್ದುಪಡಿಸಿತು. ನಾಲ್ಕು ವರ್ಷಗಳ ವಿವಾಹ ನಿರ್ಬಂಧವನ್ನು ಮಾತ್ರ ಎತ್ತಿಹಿಡಿಯಿತು.

ಯುರೋಪಿನಲ್ಲಿ, ಬೆಲ್ಜಿಯಂನ ಶಾರ್ಲರ್ವಾ ನೆಲೆಯಿಂದ ರಯಾನ್‌ಏರ್ ವಿಮಾನಗಳಲ್ಲಿ ಕೆಲಸ ಮಾಡುತ್ತಿದ್ದ ಸಿಬ್ಬಂದಿಯ ಒಪ್ಪಂದಗಳು ವಿವಾದಗಳನ್ನು ಐರ್ಲೆಂಡಿನ ನ್ಯಾಯಾಲಯಗಳಿಗೆ ಒಪ್ಪಿಸಿದ್ದವು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು 2017ರ ಸೆಪ್ಟೆಂಬರ್ 14ರಂದು, ರೂಢಿಯಾಗಿ ಕೆಲಸ ಮಾಡುವ ಸ್ಥಳ ಯಾವುದೆಂದು ನಿರ್ಧರಿಸುವಲ್ಲಿ ನೆಲೆಯು ಮಹತ್ವದ ಸೂಚಕವೆಂದು ತೀರ್ಪು ನೀಡಿತು. ಇದರಿಂದ ಅಲ್ಲಿನ ಸಿಬ್ಬಂದಿಗೆ ತಾವಿರುವ ದೇಶದಲ್ಲೇ ದಾವೆ ಹೂಡುವ ದಾರಿ ತೆರೆಯಿತು.

ಸಂಯುಕ್ತ ಅರಬ್ ಸಂಸ್ಥಾನ ಮತ್ತು ಕತಾರ್‌ಗಳಲ್ಲಿ ವಲಸೆ ಕಾರ್ಮಿಕರು ಕಾರ್ಮಿಕ ಸಂಘ ಕಟ್ಟುವಂತಿಲ್ಲ. ಹೀಗಾಗಿ ರೋಸ್ಟರ್ ಕುರಿತ ಸಾಮೂಹಿಕ ಚೌಕಾಸಿಗೆ ಅಲ್ಲಿ ಅವಕಾಶವಿಲ್ಲ. ಭಾರತದಲ್ಲಿ 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಅನೇಕ ಸಿಬ್ಬಂದಿ ಒಟ್ಟಾಗಿ ಅನಾರೋಗ್ಯದ ರಜೆ ಹಾಕಿದ್ದರಿಂದ ಹಲವು ವಿಮಾನಗಳು ರದ್ದಾದಾಗ, ಮುಖ್ಯ ಕಾರ್ಮಿಕ ಆಯುಕ್ತರ ಸಮ್ಮುಖದ ಸಂಧಾನದಲ್ಲಿ ವಿವಾದ ಇತ್ಯರ್ಥವಾಗಿ, ವಜಾಗೊಂಡಿದ್ದ 25 ಮಂದಿಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಾಯಿತು.

ಆರೋಗ್ಯ

ಕಾಲವಲಯಗಳನ್ನು ದಾಟುವುದರಿಂದ ಮತ್ತು ರಾತ್ರಿ ಪಾಳಿಯಿಂದ ದೇಹದ ನಿದ್ರೆ–ಎಚ್ಚರಗಳ ಲಯ ತಪ್ಪುತ್ತದೆ. ರಾತ್ರಿ 2ರಿಂದ ಬೆಳಗಿನ 6 ಗಂಟೆಯವರೆಗಿನ ಅವಧಿಯಲ್ಲಿ ಎಚ್ಚರ ಅತ್ಯಂತ ಕಡಿಮೆಯಿರುವುದರಿಂದ ನಿಯಮಗಳು ಆ ಹೊತ್ತಿನ ಕರ್ತವ್ಯವನ್ನು ಪ್ರತ್ಯೇಕವಾಗಿ ಪರಿಗಣಿಸುತ್ತವೆ. ದೇಹದ ಲಯ ಕೆಡಿಸುವ ಪಾಳಿ ಕೆಲಸವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ವರ್ಗೀಕರಿಸಿತು. ಎತ್ತರದಲ್ಲಿ ಅಧಿಕವಾಗಿರುವ ವಿಶ್ವಕಿರಣಗಳ ಪ್ರಮಾಣವು ವರ್ಷಕ್ಕೆ 1 ಮಿಲಿಸೀವರ್ಟ್ ಮೀರುವಂತಿದ್ದರೆ ಅದರ ಅಂದಾಜು ಮಾಡುವುದು ಯುರೋಪಿನಲ್ಲಿ ಕಡ್ಡಾಯ.

ಕರ್ನಾಟಕದ ಒಳನಾಡಿನಿಂದ ವಲಸೆ

ಕರ್ನಾಟಕದ ಒಳನಾಡಿನಿಂದ ಈ ಉದ್ಯೋಗಕ್ಕೆ ತೆರಳುವವರ ವಿಷಯದಲ್ಲಿ ನೆಲೆಗೂ ಮನೆಗೂ ಇರುವ ಅಂತರ ಇನ್ನಷ್ಟು ಹೆಚ್ಚುತ್ತದೆ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ಇದಕ್ಕೆ ಉತ್ತಮ ಉದಾಹರಣೆ. ದುಬೈಯಿಂದ ಬೆಂಗಳೂರಿಗೆ ಸುಮಾರು ನಾಲ್ಕು ಗಂಟೆಗಳ ಹಾರಾಟ. ವಿಮಾನ ನಿಲ್ದಾಣ ಇರುವುದು ನಗರದ ಉತ್ತರಕ್ಕೆ, ದೇವನಹಳ್ಳಿಯಲ್ಲಿ. ತಿಪಟೂರು ಬೆಂಗಳೂರಿನಿಂದ ಸುಮಾರು 140 ಕಿ.ಮೀ. ಪಶ್ಚಿಮಕ್ಕಿದೆ. ತಿಪಟೂರಿಗೆ ರೈಲು ಇದ್ದರೂ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ರಸ್ತೆಯೇ ಗತಿ. ತಪಾಸಣೆ ಹಾಗೂ ಕಾಯುವಿಕೆಯನ್ನೂ ಸೇರಿಸಿದರೆ ಎರಡು ದಿನಗಳ ಬಿಡುವಿನ ದೊಡ್ಡ ಪಾಲು ಪ್ರಯಾಣದಲ್ಲೇ ಕಳೆಯುತ್ತದೆ. ಸಿಬ್ಬಂದಿಗೆ ದೊರೆಯುವ ರಿಯಾಯಿತಿ ಟಿಕೆಟ್‌ಗಳಲ್ಲಿ ಹಲವು, ಆಸನ ಖಾಲಿಯಿದ್ದರಷ್ಟೇ ಹತ್ತಲು ಅವಕಾಶವಿರುವಂಥವು. ಹಿಂದಿರುಗುವ ವಿಮಾನ ತುಂಬಿದ್ದರೆ ಕರ್ತವ್ಯ ತಪ್ಪುವ ಅಪಾಯವಿರುವುದರಿಂದ ಊರಿನ ಭೇಟಿ ಹೆಚ್ಚಾಗಿ ವಾರ್ಷಿಕ ರಜೆಗೇ ಸೀಮಿತವಾಗುತ್ತದೆ. ಕಾಯಿ ಅಟ್ಟ ಸೇರಿ ಕೊಬ್ಬರಿಯಾಗಲು ವರ್ಷದವರೆಗೂ ಕಾಯುವ ಈ ಸೀಮೆಯಲ್ಲಿ ಹಬ್ಬ, ಜಾತ್ರೆ, ಮದುವೆಗಳ ದಿನ ಬಹಳ ಮುಂಚೆಯೇ ಗೊತ್ತಾಗಿರುತ್ತದೆ. ಆದರೆ ಆ ದಿನ ಬಿಡುವು ಇದೆಯೇ ಎಂಬುದು ತಿಳಿಯುವುದು ರೋಸ್ಟರ್ ಪ್ರಕಟವಾದಾಗ.

1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಕೊಲ್ಲಿ ರಾಷ್ಟ್ರಗಳೂ ಸೇರಿದ ನಿರ್ದಿಷ್ಟ ದೇಶಗಳಿಗೆ ಉದ್ಯೋಗಕ್ಕೆ ಹೋಗುವವರಲ್ಲಿ 10ನೇ ತರಗತಿ ಉತ್ತೀರ್ಣರಾಗದವರು ವಲಸೆ ಅನುಮತಿ ಪಡೆಯಬೇಕಿತ್ತು. ಆ ಸಂದರ್ಭದಲ್ಲಿ ಅವರ ಉದ್ಯೋಗ ಒಪ್ಪಂದವನ್ನು ಸರ್ಕಾರಿ ಅಧಿಕಾರಿಗಳು ಪರಿಶೀಲಿಸುತ್ತಿದ್ದರು. ಕ್ಯಾಬಿನ್ ಸಿಬ್ಬಂದಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಓದಿದವರಾದ್ದರಿಂದ ಅವರ ಒಪ್ಪಂದಗಳು ಈ ಪರಿಶೀಲನೆಗೆ ಒಳಪಡುತ್ತಿರಲಿಲ್ಲ. ಆದ್ದರಿಂದ ನೆಲೆ, ವಾರ್ಷಿಕ ರಜೆ, ಗರ್ಭಧಾರಣೆ ಹಾಗೂ ವಿವಾಹದ ಷರತ್ತು, ತರಬೇತಿ ವೆಚ್ಚದ ವಸೂಲಿ, ವಿವಾದ ಬಗೆಹರಿಸುವ ನ್ಯಾಯಾಲಯ ಇವುಗಳನ್ನು ಸಹಿ ಮಾಡುವ ಮುನ್ನ ಓದಿ ತಿಳಿದುಕೊಳ್ಳುವ ಹೊಣೆ ಅಭ್ಯರ್ಥಿಗಳದೇ ಆಗಿರುತ್ತದೆ. ವಿದೇಶದಲ್ಲಿ ತೊಂದರೆಗೆ ಸಿಲುಕಿದ ಭಾರತೀಯರು ಅಲ್ಲಿನ ರಾಯಭಾರ ಕಚೇರಿಯ ಮೂಲಕ ಅಥವಾ ವಿದೇಶಾಂಗ ಸಚಿವಾಲಯವು 2015ರಲ್ಲಿ ಆರಂಭಿಸಿದ ‘ಮದದ್’ ಜಾಲತಾಣದ ಮೂಲಕ ದೂರು ಸಲ್ಲಿಸಬಹುದು.

ಇವನ್ನೂ ನೋಡಿ

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ
ತಿಪಟೂರು