ಕಾಲುವೆ ಬಂದ ಮೇಲಿನ ಊಟ

ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು ದಾವಣಗೆರೆ ಸೀಮೆಯ ಹೊಲಗಳನ್ನಷ್ಟೇ ಅಲ್ಲ, ಊಟದ ತಟ್ಟೆಯನ್ನೂ ಬದಲಾಯಿಸಿತು. 1947ರಲ್ಲಿ ಮೊದಲಾದ ಆ ಕೆಲಸ ಮುಗಿದುದು 1960ರ ದಶಕದಲ್ಲಿ. ಅದಕ್ಕೆ ಹಿಂದೆ ಇಲ್ಲಿಯ ಎರೆಭೂಮಿ ಹತ್ತಿಗೂ ಜೋಳಕ್ಕೂ ಹೆಸರಾಗಿದ್ದಿತು. ಹತ್ತಿಯನ್ನು ನಂಬಿಯೇ ದಾವಣಗೆರೆಯಲ್ಲಿ ಗಿರಣಿಗಳೆದ್ದವು. ಜೋಳದ ರೊಟ್ಟಿ ಇಲ್ಲವೆ ರಾಗಿಮುದ್ದೆ, ಜೊತೆಗೆ ಗಟ್ಟಿಯಾದ ಕಾಳುಪಲ್ಯ: ಇದು ದುಡಿಯುವವನ ಊಟ. ಅನ್ನ ಹಬ್ಬದ ಅತಿಥಿ. ಬಲದಂಡೆಯ ನೀರು ಹರಿದು ಹರಿಹರ, ದಾವಣಗೆರೆಗಳ ಬಯಲು ಗದ್ದೆಯಾದ ಮೇಲೆ ಅತಿಥಿಯೇ ಯಜಮಾನನಾದನು. ದಾವಣಗೆರೆಯ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ಹುಟ್ಟಿದುದು 1965ರಲ್ಲಿ. ಭತ್ತವೂ ವೈದ್ಯರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದುದು ಕಾಕತಾಳೀಯವೇ ಸರಿ!

ಮಧುಮೇಹವನ್ನು ಕಾಲುವೆಯೇ ತಂದಿತೆಂದರೆ ಅನ್ಯಾಯವಾದೀತು. ರೋಗ ಹಳೆಯದು. ಕೃಶನಾದವನಿಗೆ ಹುಟ್ಟಿನಿಂದ ಬರುವ ಪ್ರಮೇಹ ಬೇರೆ, ಅಪಥ್ಯದಿಂದ ಸ್ಥೂಲನಿಗೆ ಬರುವುದು ಬೇರೆ ಎಂದು ಸುಶ್ರುತನು ಆಗಲೇ ವಿಂಗಡಿಸಿದ್ದನು. ಹೊಸ ಧಾನ್ಯ, ಬೆಲ್ಲದ ಪದಾರ್ಥ, ಕೂತು ಮಲಗುವ ಸುಖ, ಇವನ್ನು ಚರಕನು ಕಾರಣಗಳಲ್ಲಿ ಎಣಿಸಿ, ಜವೆಗೋಧಿಯನ್ನೂ ಹೆಸರುಕಾಳಿನ ಕಟ್ಟನ್ನೂ ಪಥ್ಯವಾಗಿ ವಿಧಿಸಿದನು.

ಪಶ್ಚಿಮದವರು ಇದೇ ದಾರಿಯನ್ನು ಹಿಡಿದು ಅತಿಗೆ ಹೋದರು. ಬ್ರಿಟಿಷ್ ಸೇನೆಯ ವೈದ್ಯ ಜಾನ್ ರೋಲೋ ತನ್ನ ರೋಗಿ ಕ್ಯಾಪ್ಟನ್ ಮೆರೆಡಿತ್‌ಗೆ ಧಾನ್ಯ ತಪ್ಪಿಸಿ ಮಾಂಸವನ್ನೇ ತಿನ್ನಿಸಿದನು. ಮೂತ್ರದ ಸಕ್ಕರೆ ಇಳಿಯಿತು. 1797ರಲ್ಲಿ ಅದು ಗ್ರಂಥವಾಯಿತು. ಹಳಸಿದ ಮಾಂಸವೂ ಅವನ ಪಥ್ಯದಲ್ಲಿದ್ದುದರಿಂದ ರೋಗಿಗೆ ಊಟವೇ ಬೇಡವಾಗಿದ್ದರೂ ಆಶ್ಚರ್ಯವಿಲ್ಲ. 1870-71ರಲ್ಲಿ ಪ್ಯಾರಿಸ್ ನಗರ ಮುತ್ತಿಗೆಗೆ ಸಿಕ್ಕಿ ಜನ ಅರೆಹೊಟ್ಟೆಯಲ್ಲಿದ್ದಾಗ ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಾಣದಾದುದನ್ನು ಬೂಷಾರ್ದಾ ಎಂಬ ವೈದ್ಯ ಗಮನಿಸಿದನು. ಮುಂದೆ ಅಮೆರಿಕದ ಅಲೆನ್ ಉಪವಾಸವನ್ನೇ ಚಿಕಿತ್ಸೆಯಾಗಿಸಿದನು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಬಾಲಕನಿಗೆ ಇನ್ಸುಲಿನ್ ಚುಚ್ಚಿದ ಮೇಲೆಯೇ ಈ ಕ್ರೂರ ಪಥ್ಯಗಳು ಹಿಂದೆ ಸರಿದುವು.

ರೋಲೋ ಕುರುಡಾಗಿ ಮುಟ್ಟಿದ ಸತ್ಯವೊಂದು ಇದ್ದೇ ಇತ್ತು. ಸಸಾರಜನಕ, ಎಂದರೆ ಪ್ರೋಟೀನು, ಜಠರದಿಂದ ನಿಧಾನವಾಗಿ ಇಳಿಯುತ್ತದೆ, ಇನ್ಸುಲಿನ್ನನ್ನು ಪ್ರಚೋದಿಸುತ್ತದೆ, ಹೊಟ್ಟೆ ತುಂಬಿದ ತೃಪ್ತಿ ಕೊಡುತ್ತದೆ. ಒಟ್ಟು ಆಹಾರ ತಗ್ಗಿಸಿ ಕೊಬ್ಬು ಕರಗಿಸುವವನಿಗೆ ಮಾಂಸಖಂಡ ಸವೆಯದಂತೆ ಕಾಯುತ್ತದೆ. ಉಂಡ ಸಕ್ಕರೆಗೆ ದೊಡ್ಡ ಉಗ್ರಾಣ ಆ ಮಾಂಸಖಂಡವೇ. ಅನ್ನ ಕಡಿಮೆ ಮಾಡದೆ ಅದರ ಮೇಲೆ ಬೇಳೆ ಸುರಿದರೆ ಮಾತ್ರ ಕೊಬ್ಬು ಕರಗದು.

ನಮ್ಮವರಿಗೆ ಇದು ಹೆಚ್ಚು ಸಲ್ಲುವ ಮಾತು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಯುಡ್ಕಿನ್ 2004ರಲ್ಲಿ ತಮ್ಮನ್ನೇ ಹೋಲಿಸಿ ತೋರಿಸಿದರು: ಎತ್ತರ-ತೂಕಗಳ ಸೂಚ್ಯಂಕ ಇಬ್ಬರದೂ ಒಂದೇ; ಮೈಕೊಬ್ಬು ಯುಡ್ಕಿನ್ನರಿಗೆ ಶೇ. 9, ಯಾಜ್ಞಿಕರಿಗೆ ಶೇ. 21! ತೆಳ್ಳಗೆ ಕಂಡ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತೀಯನ ಆಹಾರಶಕ್ತಿಯಲ್ಲಿ ಸುಮಾರು ಶೇ. 62 ಪಿಷ್ಟ-ಸಕ್ಕರೆಗಳಿಂದ ಬರುತ್ತದೆ. ಸಸಾರಜನಕದ ಪಾಲು ಶೇ. 12ರಷ್ಟು.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ನಡೆದ ವ್ಯಾಜ್ಯದಲ್ಲಿ ಗೆದ್ದುದು ರಾಗಿ. ಸಸಾರಜನಕದ ಲೆಕ್ಕದಲ್ಲಿ ಆ ತೀರ್ಪು ನಿಲ್ಲುವುದು ಕಷ್ಟ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ, ರಾಗಿಯಲ್ಲಿ 7, ಜೋಳದಲ್ಲಿ 10. ಹುರುಳಿ, ತೊಗರಿಬೇಳೆಗಳಲ್ಲಿ ಸುಮಾರು 22. ಅನ್ನ ಬಿಟ್ಟು ಮುದ್ದೆ ಹಿಡಿದೆನೆಂದು ಬೀಗುವ ಮಧುಮೇಹಿ ಎರಡು ದೊಡ್ಡ ಮುದ್ದೆ ನುಂಗಿದರೆ ಪಿಷ್ಟವನ್ನೇ ನುಂಗಿದಂತಾಯಿತು. ನಾರಿನಿಂದ ಆಗುವ ಲಾಭ ಬೇರೆ ಮಾತು.

60 ಕಿಲೋ ತೂಗುವವನಿಗೆ ದಿನಕ್ಕೆ 50 ಗ್ರಾಂ ಸಸಾರಜನಕ ಸಾಕು. ಮಧುಮೇಹದಿಂದ ಮೂತ್ರಪಿಂಡ ಕೆಟ್ಟವರು ವೈದ್ಯರನ್ನು ಕೇಳದೆ ಅದನ್ನು ಹೆಚ್ಚಿಸಬಾರದು. ಉಳಿದವರಿಗೆ ದಾರಿ ಅಡುಗೆಮನೆಯಲ್ಲಿಯೇ ಇದೆ. ದಾವಣಗೆರೆಯ ಮಂಡಕ್ಕಿಯನ್ನು ಬಿಡಲಾರದವರು ಅದನ್ನು ಅರ್ಧಕ್ಕಿಳಿಸಿ ಹುರಿಗಡಲೆಯನ್ನು ಹೆಚ್ಚಿಸಬಹುದು. ಮಿರ್ಚಿಯ ಎಣ್ಣೆಗೆ ನನ್ನಲ್ಲಿ ಪರಿಹಾರವಿಲ್ಲ. ಹುರುಳಿ ಬೇಯಿಸಿದವರು ಕಟ್ಟನ್ನು ಬಸಿದು ಸಾರು ಮಾಡಿ ಕಾಳನ್ನು ಎತ್ತಿಗೆ ಇಡುತ್ತಿದ್ದುದುಂಟು. ಆ ಕಟ್ಟಿನಲ್ಲಿ ರುಚಿ ಇದ್ದಿತು. ಸಸಾರಜನಕದ ಬಹುಪಾಲು ಎತ್ತಿನ ಪಾಲಾಗುತ್ತಿದ್ದಿತು.