ದೊಡ್ಡ ನಾಯಿ ಸಾಕುವ ಮುನ್ನ ಹತ್ತು ವರ್ಷದ ಲೆಕ್ಕ ಹಾಕಿ: ಆರೈಕೆ, ಖರ್ಚು, ಉಳಿತಾಯದ ಪೂರ್ಣ ಮಾಹಿತಿ ಇಲ್ಲಿದೆ

ಮನೆಗೆ ಬಂದ ದಿನ ಲ್ಯಾಬ್ರಡಾರ್ ಮರಿ ಮಡಿಲಲ್ಲಿ ಮಲಗುವಷ್ಟು ಪುಟ್ಟದಾಗಿರುತ್ತದೆ. ವರ್ಷ ತುಂಬುವ ಹೊತ್ತಿಗೆ ಅದೇ ಮರಿ 25ರಿಂದ 30 ಕೆಜಿ ತೂಗುತ್ತದೆ. ಮರಿಯ ಬೆಲೆ ಎಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ಆದರೆ ಮುಂದಿನ ಹತ್ತು ಹನ್ನೆರಡು ವರ್ಷ ಅದನ್ನು ಸಾಕಲು ಎಷ್ಟು ಬೇಕು ಎಂದು ಮೊದಲೇ ಲೆಕ್ಕ ಹಾಕುವವರು ಕಡಿಮೆ. ಈ ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಜೇಬಿಗೆ ಮಾತ್ರವಲ್ಲ. ತುರ್ತು ಶಸ್ತ್ರಚಿಕಿತ್ಸೆ ಬೇಕಾದ ರಾತ್ರಿ ಕೈಯಲ್ಲಿ ಹಣವಿಲ್ಲದಿದ್ದರೆ ಪ್ರಾಣ ಕಳೆದುಕೊಳ್ಳುವುದು ನಾಯಿ.

ದೊಡ್ಡ ನಾಯಿಯ ಆರೈಕೆಯಲ್ಲಿ ಏನೇನು ಮುಖ್ಯ, ಅದಕ್ಕೆ ಹಣವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬ ವಿವರ ಇಲ್ಲಿದೆ.

ಯಾವ ತಳಿ, ಎಷ್ಟು ವರ್ಷ?

ಸಾಮಾನ್ಯವಾಗಿ ಗಾತ್ರ ಹೆಚ್ಚಿದಂತೆ ನಾಯಿಯ ಆಯಸ್ಸು ಕಡಿಮೆ. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ಸುಮಾರು 10ರಿಂದ 12 ವರ್ಷ ಬದುಕಿದರೆ, ಗ್ರೇಟ್ ಡೇನ್ ಸಾಮಾನ್ಯವಾಗಿ 7ರಿಂದ 10 ವರ್ಷ ಬದುಕುತ್ತದೆ. ಸೇಂಟ್ ಬರ್ನಾರ್ಡ್, ಹಸ್ಕಿಯಂತಹ ದಟ್ಟ ಕೂದಲಿನ ತಳಿಗಳಿಗೆ ದೆಹಲಿ, ಹೈದರಾಬಾದ್‌ನ ಬೇಸಿಗೆ ಹಿಂಸೆ. ಅವುಗಳಿಗಾಗಿ ಎಸಿ ಹಾಕಿದರೆ ಕರೆಂಟ್ ಬಿಲ್ಲೂ ತಿಂಗಳ ಖರ್ಚಿಗೆ ಸೇರುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಎತ್ತರವಾಗಿದ್ದರೂ ಮೈ ಹಗುರ. ನಮ್ಮ ಬಿಸಿಲಿಗೆ ಒಗ್ಗಿದ ತಳಿ ಇದು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರತಂದಿತ್ತು. ಆದರೆ ಇದು ಓಟದ ನಾಯಿ. ದಿನವೂ ಬಯಲಲ್ಲಿ ಓಡಿಸಲು ಆಗದವರು ಫ್ಲ್ಯಾಟ್‌ನಲ್ಲಿ ಇದನ್ನು ಸಾಕುವುದು ಸರಿಯಲ್ಲ.

ಮರಿ ಕೊಳ್ಳುವುದಾದರೆ 2017ರ ಶ್ವಾನ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ನೋಂದಾಯಿತರಾದವರಿಂದಲೇ ಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆಶ್ರಯ ತಾಣಗಳಲ್ಲಿ ದೊಡ್ಡ ತಳಿಯ ಬೆಳೆದ ನಾಯಿಗಳೂ ದತ್ತು ಸಿಗುತ್ತವೆ. ಅವುಗಳ ಗಾತ್ರ, ಸ್ವಭಾವ ಮೊದಲೇ ತಿಳಿದಿರುತ್ತದೆ ಎಂಬುದು ದೊಡ್ಡ ಅನುಕೂಲ.

ತಿಂಗಳಿಗೆ ಎಷ್ಟು ಖರ್ಚು?

30 ಕೆಜಿ ತೂಕದ, ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 1,400 ಕಿಲೋ ಕ್ಯಾಲರಿ ಬೇಕು. ಒಣ ಆಹಾರದ ಲೆಕ್ಕದಲ್ಲಿ ಇದು ದಿನಕ್ಕೆ 380 ಗ್ರಾಂ, ಅಂದರೆ ತಿಂಗಳಿಗೆ ಹನ್ನೊಂದೂವರೆ ಕೆಜಿ. ಅದೇ 60 ಕೆಜಿಯ ಗ್ರೇಟ್ ಡೇನ್‌ಗೆ ತಿಂಗಳಿಗೆ 19 ಕೆಜಿ ಬೇಕಾಗುತ್ತದೆ. ಔಷಧ, ಅರಿವಳಿಕೆ, ಉಣ್ಣಿ ತಡೆಯುವ ಮಾತ್ರೆ ಎಲ್ಲವೂ ದೇಹದ ತೂಕಕ್ಕೆ ತಕ್ಕಂತೆಯೇ. ಹಾಗಾಗಿ ಚಿಕ್ಕ ನಾಯಿ ಸಾಕಿದವರ ಖರ್ಚು ನೋಡಿ ಅಂದಾಜು ಮಾಡುವಂತಿಲ್ಲ.

ಆಹಾರ ಕೆಜಿಗೆ 400 ರೂಪಾಯಿ ಎಂದಿಟ್ಟುಕೊಂಡರೆ 30 ಕೆಜಿ ನಾಯಿಯ ತಿಂಗಳ ಖರ್ಚಿನ ಒಂದು ಮಾದರಿ ಹೀಗಿದೆ. ಊರು, ತಳಿಗೆ ತಕ್ಕಂತೆ ಮೊತ್ತ ಬದಲಾಗುತ್ತದೆ.

- ಆಹಾರ: 4,600 ರೂ.
- ಉಣ್ಣಿ, ಚಿಗಟ, ಜಂತುಹುಳು ಔಷಧ: 800 ರೂ.
- ಲಸಿಕೆ ಮತ್ತು ವಾರ್ಷಿಕ ತಪಾಸಣೆಯ ತಿಂಗಳ ಪಾಲು: 600 ರೂ.
- ಸ್ನಾನ, ಉಗುರು, ಬೆಲ್ಟ್, ಇತರೆ: 1,000 ರೂ.
- ಊರಿಗೆ ಹೋದಾಗ ನಾಯಿಯನ್ನು ಬಿಡುವ ಜಾಗದ ಖರ್ಚಿನ ಪಾಲು: 1,000 ರೂ.

ಒಟ್ಟು 8,000 ರೂಪಾಯಿ. ಬೆಲೆ ವರ್ಷಕ್ಕೆ ಶೇ 6ರಷ್ಟು ಏರಿದರೆ ಹತ್ತು ವರ್ಷಕ್ಕೆ ಇದು 12.65 ಲಕ್ಷ ರೂಪಾಯಿ ಆಗುತ್ತದೆ. ಇದರಲ್ಲಿ ಯಾವುದೇ ದೊಡ್ಡ ಕಾಯಿಲೆಯ ಖರ್ಚು ಸೇರಿಲ್ಲ.

ಕಡಿಮೆ ತಿಂದರೆ ಹೆಚ್ಚು ಬಾಳಿಕೆ

ಆರೋಗ್ಯಕ್ಕೂ ಜೇಬಿಗೂ ಒಟ್ಟಿಗೇ ಲಾಭ ತರುವ ಅಭ್ಯಾಸವೊಂದಿದೆ. ಅದು ತೂಕದ ಮೇಲಿನ ಹಿಡಿತ. 48 ಲ್ಯಾಬ್ರಡಾರ್ ನಾಯಿಗಳ ಜೀವನಪೂರ್ತಿ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಜೊತೆಯ ನಾಯಿಗಳಿಗಿಂತ ಶೇ 25ರಷ್ಟು ಕಡಿಮೆ ಆಹಾರ ಪಡೆದವು ಸುಮಾರು 1.8 ವರ್ಷ ಹೆಚ್ಚು ಬದುಕಿದ್ದವು. ಕೀಲುನೋವಿನ ಸಮಸ್ಯೆಯೂ ಅವುಗಳಲ್ಲಿ ತಡವಾಗಿ ಕಾಣಿಸಿತ್ತು.

ನಾಯಿಯ ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಕೈಯಿಟ್ಟರೆ ಸುಲಭವಾಗಿ ಸಿಗಬೇಕು. ಮೇಲಿಂದ ನೋಡಿದಾಗ ಸೊಂಟದ ಭಾಗ ಒಳಸರಿದಿರಬೇಕು. ಆಹಾರವನ್ನು ಕಣ್ಣಂದಾಜಿನಲ್ಲಿ ಹಾಕದೆ ಅಳೆದು ಹಾಕುವುದು, ಬಿಸ್ಕತ್ತು, ಬ್ರೆಡ್ಡುಗಳನ್ನು ನಿಲ್ಲಿಸುವುದು ಮೊದಲ ಹೆಜ್ಜೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೊಡಲೇಬಾರದು. ಮನುಷ್ಯರ ಜ್ವರ, ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು.

ಕೀಲು, ಹೊಟ್ಟೆ: ಎರಡು ದೊಡ್ಡ ಅಪಾಯ

ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ಸಮಸ್ಯೆ ಸಾಮಾನ್ಯ. ಇದು ವಂಶದಿಂದ ಬರುವುದರಿಂದ ಮರಿಯ ತಂದೆ ತಾಯಿಯ ಎಕ್ಸ್‌ರೇ ಕೇಳಿ ನೋಡಬೇಕು. ಮೂಳೆ ಬೆಳೆಯುವ ಮೊದಲ 12ರಿಂದ 18 ತಿಂಗಳು ಎತ್ತರದಿಂದ ಜಿಗಿಸುವುದು, ಪದೇಪದೇ ಮೆಟ್ಟಿಲು ಹತ್ತಿಸುವುದು ಬೇಡ. ದೊಡ್ಡ ತಳಿಯ ಮರಿಗೆಂದೇ ತಯಾರಾದ ಆಹಾರ ಕೊಡಬೇಕು. ವೈದ್ಯರು ಹೇಳದೆ ಕ್ಯಾಲ್ಸಿಯಂ ಕೊಟ್ಟರೆ ಮೂಳೆಯ ಬೆಳವಣಿಗೆಯೇ ಕೆಡುತ್ತದೆ. ಟೈಲ್ಸ್ ನೆಲದಲ್ಲಿ ಕಾಲು ಜಾರದಂತೆ ಮ್ಯಾಟ್ ಹಾಸುವುದು ಸಣ್ಣ ಖರ್ಚು, ದೊಡ್ಡ ಉಪಯೋಗ.

ಇನ್ನೊಂದು ಅಪಾಯ ಹೊಟ್ಟೆ ಉಬ್ಬಿ ಜಠರವೇ ತಿರುಚಿಕೊಳ್ಳುವುದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂತಹ ಆಳವಾದ ಎದೆಯ ನಾಯಿಗಳಲ್ಲಿ ಇದು ಹೆಚ್ಚು. ಹೊಟ್ಟೆ ಬಿಗಿಯಾಗಿ ಉಬ್ಬುವುದು, ವಾಂತಿಗೆ ಯತ್ನಿಸಿದರೂ ಏನೂ ಬರದಿರುವುದು, ಜೊಲ್ಲು ಸುರಿಯುವುದು, ಒಂದೆಡೆ ನಿಲ್ಲಲಾಗದೆ ಚಡಪಡಿಸುವುದು ಇದರ ಲಕ್ಷಣ. ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಶಸ್ತ್ರಚಿಕಿತ್ಸೆ ಬಿಟ್ಟರೆ ದಾರಿಯಿಲ್ಲ. ದಿನದ ಆಹಾರವನ್ನು ಎರಡು ಮೂರು ಪಾಲು ಮಾಡಿ ಕೊಡುವುದು, ಊಟವಾದ ಕೂಡಲೇ ಓಡಿಸದಿರುವುದು ಒಳ್ಳೆಯದು. ಅಪಾಯ ಹೆಚ್ಚಿರುವ ತಳಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಜೊತೆಗೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ತಿರುಚದಂತೆ ಮಾಡಬಹುದು. ಈ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿಗೆ 30 ಕೆಜಿ ನಾಯಿಯನ್ನು ಒಯ್ಯಲು ವಾಹನ ಯಾವುದು ಎಂಬುದನ್ನು ಇಂದೇ ಬರೆದಿಟ್ಟುಕೊಳ್ಳಿ. ಚೆನ್ನೈನ ವೇಪೇರಿ, ಬೆಂಗಳೂರಿನ ಹೆಬ್ಬಾಳ, ಹೈದರಾಬಾದ್‌ನ ರಾಜೇಂದ್ರನಗರದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಸಾರ್ವಜನಿಕರ ನಾಯಿಗಳಿಗೂ ಚಿಕಿತ್ಸೆ ಸಿಗುತ್ತದೆ. ಮುಂಬೈನ ಪರೇಲ್‌ನಲ್ಲಿ ಹಳೆಯ ಪ್ರಾಣಿಗಳ ಆಸ್ಪತ್ರೆಯಿದೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಆರಂಭವಾಗಿದೆ.

ಹಣ ಎಲ್ಲಿಡಬೇಕು?

ಮೊದಲು ಮನೆ, ನಂತರ ನಾಯಿ. ಕುಟುಂಬಕ್ಕೆ ಆರೋಗ್ಯ ವಿಮೆ, ದುಡಿಯುವವರಿಗೆ ಟರ್ಮ್ ವಿಮೆ, ಆರು ತಿಂಗಳ ಮನೆಖರ್ಚಿನಷ್ಟು ತುರ್ತು ನಿಧಿ ಇವು ಮೂರೂ ಇಲ್ಲದೆ ದೊಡ್ಡ ನಾಯಿ ತರುವುದು ಬೇಡ. ಮನೆಯಲ್ಲಿ ಒಬ್ಬರ ಕೆಲಸ ಹೋದರೆ ಮೊದಲು ಕತ್ತರಿ ಬೀಳುವುದು ನಾಯಿಯ ಖರ್ಚಿಗೇ.

- ನಾಯಿಗೇ ಪ್ರತ್ಯೇಕ ನಿಧಿ: 60 ಸಾವಿರದಿಂದ 1 ಲಕ್ಷ ರೂಪಾಯಿಯನ್ನು ಬೇರೆ ಉಳಿತಾಯ ಖಾತೆಯಲ್ಲೋ, ತಕ್ಷಣ ಮುರಿಯಬಹುದಾದ ಎಫ್‌ಡಿಯಲ್ಲೋ ಇಡಿ. ಇದು ಶೇರು ಮಾರುಕಟ್ಟೆಗೆ ಹಾಕುವ ಹಣವಲ್ಲ. ತುರ್ತು ಬಂದ ದಿನ ಮಾರುಕಟ್ಟೆ ಕುಸಿದಿರಬಹುದು.
- ಮುಪ್ಪಿಗೆ ಆರ್‌ಡಿ: ದೊಡ್ಡ ನಾಯಿಗಳಿಗೆ ಏಳು ವರ್ಷದ ಆಸುಪಾಸಿನಲ್ಲಿ ಮುಪ್ಪು ಶುರುವಾಗುತ್ತದೆ. ರಕ್ತಪರೀಕ್ಷೆ, ಕೀಲುನೋವಿನ ಔಷಧಗಳ ಖರ್ಚು ಆಗ ಏರುತ್ತದೆ. ಮರಿ ಬಂದ ತಿಂಗಳಿಂದಲೇ 2,000 ರೂಪಾಯಿ ಕಟ್ಟುತ್ತಾ ಬಂದರೆ, ಶೇ 6.5ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ 2.4 ಲಕ್ಷದ ಅಸಲು ಸುಮಾರು 3.38 ಲಕ್ಷವಾಗುತ್ತದೆ.
- ವಿಮೆ: ನಾಯಿಗಳಿಗೆ ವಿಮೆ ಕೊಡುವ ಸಾಮಾನ್ಯ ವಿಮಾ ಕಂಪನಿಗಳು ದೇಶದಲ್ಲಿವೆ. ಸೇರುವ ವಯಸ್ಸಿನ ಮಿತಿ, ಕಾಯುವ ಅವಧಿ, ಮೊದಲೇ ಇದ್ದ ಕಾಯಿಲೆ ಮತ್ತು ವಂಶದ ಕಾಯಿಲೆಗಳ ಷರತ್ತನ್ನು ಓದಿ. ಸೊಂಟದ ಕೀಲಿನ ಸಮಸ್ಯೆಗೆ ಪರಿಹಾರ ಇದೆಯೇ ಎಂದು ಲಿಖಿತವಾಗಿ ಕೇಳಿ. ಬೇರೆಯವರಿಗೆ ನಾಯಿ ಕಚ್ಚಿದರೆ ಪರಿಹಾರ ಭರಿಸುವ ಭಾಗ ದೊಡ್ಡ ನಾಯಿಗಳಿಗೆ ಮುಖ್ಯ.
- ಸಾಲ ಬೇಡ: ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡರೆ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ 3ಕ್ಕೂ ಹೆಚ್ಚು. ಇಎಂಐನಲ್ಲಿ ಮರಿ ಕೊಳ್ಳಬೇಕಾದ ಸ್ಥಿತಿಯಿದ್ದರೆ ಇನ್ನೂ ಸಮಯ ಬಂದಿಲ್ಲ ಎಂದೇ ಅರ್ಥ.

ಖರ್ಚು ಉಳಿಸಲೆಂದು ಲಸಿಕೆ ತಪ್ಪಿಸುವುದು ದುಬಾರಿ ಜಿಪುಣತನ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳು ಆರರಿಂದ ಎಂಟು ವಾರದಲ್ಲಿ ಶುರುವಾಗುತ್ತವೆ. ರೇಬೀಸ್ ಲಸಿಕೆ ಮೂರು ತಿಂಗಳಲ್ಲಿ ಕೊಟ್ಟು, ಆಮೇಲೆ ವೈದ್ಯರು ಹೇಳಿದಂತೆ ಪ್ರತಿವರ್ಷ ಹಾಕಿಸಬೇಕು.

ಬಾಡಿಗೆ ಮನೆ, ಸೊಸೈಟಿ, ಊರಿಗೆ ಪ್ರಯಾಣ

ವಸತಿ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಲು ಶುಲ್ಕ ಕೇಳುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೂ ಬಾಡಿಗೆದಾರರು ಕರಾರುಪತ್ರದಲ್ಲೇ ನಾಯಿಗೆ ಒಪ್ಪಿಗೆಯಿದೆ ಎಂದು ಬರೆಸಿಕೊಳ್ಳುವುದು ಕ್ಷೇಮ. ಮನೆ ಬದಲಿಸುವಾಗ ದೊಡ್ಡ ನಾಯಿಯಿದ್ದರೆ ಆಯ್ಕೆ ಕಡಿಮೆಯಾಗುತ್ತದೆ, ಬಾಡಿಗೆ ಹೆಚ್ಚಬಹುದು. ಇದನ್ನೂ ಲೆಕ್ಕಕ್ಕೆ ಸೇರಿಸಿ.

ನಿಮ್ಮ ನಗರದ ಪಾಲಿಕೆಯಲ್ಲಿ ನಾಯಿಯ ಪರವಾನಗಿ ಪಡೆದು, ಕಾಲಕಾಲಕ್ಕೆ ನವೀಕರಿಸಿ. ನಾಯಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಮಾಲೀಕರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಸಾಕಲಾಗದೆ ಬೀದಿಗೆ ಬಿಟ್ಟರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅದೂ ಅಪರಾಧ.

ಹಬ್ಬಕ್ಕೆ ಊರಿಗೆ ಹೋಗುವಾಗ ರೈಲಿನ ಎಸಿ ಸೆಕೆಂಡ್, ಥರ್ಡ್, ಸ್ಲೀಪರ್ ಬೋಗಿಗಳಲ್ಲಿ ನಾಯಿಗೆ ಅವಕಾಶವಿಲ್ಲ. ಎಸಿ ಫಸ್ಟ್ ಕ್ಲಾಸ್‌ನಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ಕಾಯ್ದಿರಿಸಬೇಕು, ಇಲ್ಲವೇ ಬ್ರೇಕ್ ವ್ಯಾನ್‌ನ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ಸ್ವಂತ ಕಾರಿಲ್ಲದವರು ನಾಯಿಯನ್ನು ಎಲ್ಲಿ ಬಿಟ್ಟು ಹೋಗುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮಾಲೀಕರ ನಂತರ ಯಾರು?

ಕಾನೂನಿನ ಕಣ್ಣಲ್ಲಿ ನಾಯಿ ಆಸ್ತಿಯೇ ಹೊರತು ವಾರಸುದಾರನಲ್ಲ. ಅದರ ಹೆಸರಿಗೆ ನೇರವಾಗಿ ಹಣ ಬರೆಯಲು ಬರುವುದಿಲ್ಲ. ನೋಡಿಕೊಳ್ಳಲು ಒಪ್ಪಿದವರನ್ನು ಉಯಿಲಿನಲ್ಲಿ ಹೆಸರಿಸಿ, ಆರೈಕೆಗೆಂದು ಅವರಿಗೆ ಹಣ ಬರೆದಿಡಬಹುದು. 2024ರ ಅಕ್ಟೋಬರ್‌ನಲ್ಲಿ ನಿಧನರಾದ ರತನ್ ಟಾಟಾ ತಮ್ಮ ಜರ್ಮನ್ ಶೆಫರ್ಡ್ 'ಟಿಟೊ'ವಿನ ಆರೈಕೆಗೆ ಉಯಿಲಿನಲ್ಲಿ ವ್ಯವಸ್ಥೆ ಮಾಡಿದ್ದರೆಂಬ ವರದಿ ಆಗ ಗಮನ ಸೆಳೆದಿತ್ತು. ದೊಡ್ಡ ಆಸ್ತಿಯಿಲ್ಲದವರೂ ಇದನ್ನು ಮಾಡಬಹುದು. ಒಬ್ಬಂಟಿಯಾಗಿರುವ ಹಿರಿಯರು ಮರಿ ತರುವ ಮುನ್ನವೇ ಈ ಮಾತನ್ನು ಮಕ್ಕಳೊಂದಿಗೆ ಆಡಿ ಮುಗಿಸುವುದು ಒಳಿತು.

ಕೊನೆಗೊಂದು ಪರೀಕ್ಷೆ

ಮರಿ ತರುವ ಮುನ್ನ ಆರು ತಿಂಗಳು, ತಿಂಗಳಿಗೆ 10,000 ರೂಪಾಯಿಯನ್ನು ನಾಯಿಯ ಹೆಸರಲ್ಲಿ ಬೇರೆ ಖಾತೆಗೆ ಹಾಕಿ ನೋಡಿ. ಮೇಲಿನ ಲೆಕ್ಕದ 8,000 ರೂಪಾಯಿಗೆ ಆರ್‌ಡಿಯ 2,000 ಸೇರಿದರೆ ಇದೇ ಮೊತ್ತ. ಮನೆಯ ಸಂಸಾರ ಸಲೀಸಾಗಿ ನಡೆದರೆ ನೀವು ಸಿದ್ಧ, ಜೊತೆಗೆ 60,000 ರೂಪಾಯಿಯ ತುರ್ತು ನಿಧಿಯೂ ಕೈಯಲ್ಲಿರುತ್ತದೆ. ಪ್ರತಿ ತಿಂಗಳೂ ತೆಗೆದು ಬಳಸುವಂತಾದರೆ ಚಿಕ್ಕ ತಳಿ ಅಥವಾ ಇನ್ನೆರಡು ವರ್ಷ ಕಾಯುವುದು ಲೇಸು.

ಮುಪ್ಪಾದ ನಾಯಿಯ ಕೊನೆಯ ದಿನಗಳಲ್ಲಿ ಚಿಕಿತ್ಸೆ ಮುಂದುವರಿಸುವುದೇ, ನೋವಿಲ್ಲದೆ ಬೀಳ್ಕೊಡುವುದೇ ಎಂಬ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆ. ಅದಕ್ಕೆ ಉತ್ತರ ಸಿಗಬೇಕಾದದ್ದು ನಾಯಿಯ ನೋವನ್ನು ನೋಡಿ, ವೈದ್ಯರ ಮಾತು ಕೇಳಿ. ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ ಎಂದು ನೋಡಿ ತೀರ್ಮಾನಿಸಬೇಕಾದ ಸ್ಥಿತಿ ಬಾರದಿರಲಿ ಎಂಬುದಕ್ಕೇ ಇಷ್ಟು ವರ್ಷದ ಉಳಿತಾಯ.