ಹದಿಮೂರು ಗೋಲಂದಾಜರು, ಎರಡು ನಗರಗಳು

ಚಲಚ್ಚಿತ್ರವೊಂದನ್ನು ಇತಿಹಾಸದ ಆಧಾರವೆಂದು ಪರಿಗಣಿಸುವಾಗ, ಅದು ಚಿತ್ರಿಸುವ ಕಾಲವನ್ನೂ ಅದು ಹುಟ್ಟಿದ ಕಾಲವನ್ನೂ ನಾವು ಬೇರೆಬೇರೆಯಾಗಿ ನೋಡಬೇಕಾಗುತ್ತದೆ. 1938ರಲ್ಲಿ ಹೊರಬಂದ ‘ಥರ್ಟೀನ್ ಮೆನ್ ಅಂಡ್ ಎ ಗನ್’ ಎಂಬ ಆಂಗ್ಲ-ಇಟಾಲಿಯನ್ ಚಿತ್ರವು ಇದಕ್ಕೆ ತಕ್ಕ ನಿದರ್ಶನ. ಅದರ ವಸ್ತು ಮೊದಲನೆಯ ಮಹಾಯುದ್ಧದ್ದು. ಅದರ ಅರ್ಥವನ್ನಾದರೋ ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಅರಸಬೇಕು.

ಕಥೆ ಸರಳವಾದುದು. ರಷ್ಯದ ಎದುರು ಹೋರಾಡುತ್ತಿರುವ ಆಸ್ಟ್ರಿಯ ಸೇನೆಯಲ್ಲಿ ಒಂದು ಫಿರಂಗಿ, ಅದನ್ನು ನಡೆಸುವ ಹದಿಮೂರು ಮಂದಿ ಗೋಲಂದಾಜರು. ಫಿರಂಗಿಯ ಗುಟ್ಟು ಶತ್ರುವಿಗೆ ತಿಳಿದುಹೋಗುತ್ತದೆ. ದ್ರೋಹಿ ಈ ಹದಿಮೂವರಲ್ಲಿಯೇ ಇರುವನೆಂದು ಶಂಕೆ. ಅವನು ಯಾರೆಂದು ತಿಳಿಯದಿದ್ದಲ್ಲಿ ಎಲ್ಲರಿಗೂ ಮರಣದಂಡನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇದೇ ಕಥೆ ಮೊದಲು 1936ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಚಿತ್ರವಾಗಿತ್ತು. ಇಟಲಿಯು 1915ರ ಮೇ ತಿಂಗಳಿನಿಂದ ಆಸ್ಟ್ರಿಯದೊಡನೆಯೇ ಹೋರಾಡಿದ ದೇಶ. ಐಸೊಂಜೊ ನದಿಯ ದಡದಲ್ಲಿ ಹನ್ನೆರಡು ಕದನಗಳಾದುವು. ತನ್ನ ಲಕ್ಷಾಂತರ ಮಕ್ಕಳನ್ನು ಕೊಂದ ಸೇನೆಯ ಗೋಲಂದಾಜರನ್ನು ಆ ದೇಶ ಇಪ್ಪತ್ತು ವರ್ಷ ಕಳೆಯುವುದರೊಳಗಾಗಿ ಕಥಾನಾಯಕರನ್ನಾಗಿ ಮಾಡಿಕೊಂಡುದೇಕೆ?

ನಿರ್ದೇಶಕ ಜೋವಾಕ್ಕಿನೊ ಫೋರ್ಜಾನೊ ಸಾಮಾನ್ಯನಲ್ಲ. ಪುಚ್ಚೀನಿಯ ‘ಜಾನ್ನಿ ಸ್ಕಿಕ್ಕಿ’ ಎಂಬ 1918ರ ಗೀತನಾಟಕಕ್ಕೆ ಸಾಹಿತ್ಯ ಬರೆದವನು. ಮುಸ್ಸೋಲಿನಿಯೊಡನೆ ಕೂಡಿ ನೆಪೋಲಿಯನ್, ಕಾವೂರ್, ಸೀಸರ್ ಇವರನ್ನು ಕುರಿತು ನಾಟಕಗಳನ್ನು ರಚಿಸಿದವನು. ಪೀಸಾ ಮತ್ತು ಲಿವೋರ್ನೊ ಪಟ್ಟಣಗಳ ನಡುವೆ, ತಿರ್ರೇನಿಯದಲ್ಲಿ, 1934ರಲ್ಲಿ ಆರಂಭವಾದ ಪಿಸೋರ್ನೊ ಚಿತ್ರಶಾಲೆಯೂ ಅವನದೇ. ಒಂದೇ ಕಥೆಯನ್ನು ಬೇರೆ ಬೇರೆ ಭಾಷೆಗಳ ನಟರಿಂದ ಮರಳಿ ಆಡಿಸಿ ಚಿತ್ರೀಕರಿಸುವ ಪದ್ಧತಿ ಮಾತಿನ ಚಿತ್ರಗಳು ಬಂದಂದಿನಿಂದ ಯೂರೋಪಿನಲ್ಲಿ ರೂಢಿಯಲ್ಲಿತ್ತು. ಹಾಗೆ ಈ ಕಥೆ ಜರ್ಮನ್ ಭಾಷೆಯಲ್ಲಿಯೂ ಮಾರಿಯೊ ಜಾಂಪಿಯ ನಿರ್ದೇಶನದಲ್ಲಿ ಇಂಗ್ಲಿಷಿನಲ್ಲಿಯೂ ತಯಾರಾಯಿತು. ಮೂರು ದೇಶಗಳಲ್ಲಿಯೂ ಸಲ್ಲಬೇಕಾದ ಕಥೆಗೆ ಇಟಲಿಯ ರಣರಂಗ ಒಗ್ಗುತ್ತಿರಲಿಲ್ಲ. ರಷ್ಯದ ಗಡಿ ಮೂವರಿಗೂ ಮುಜುಗರ ತರದಷ್ಟು ದೂರದ್ದು. ಇದು ನಮ್ಮ ಊಹೆ. ಆದರೆ 1936ರ ನವೆಂಬರಿನಲ್ಲಿ ಮುಸ್ಸೋಲಿನಿ ರೋಮ್-ಬರ್ಲಿನ್ ‘ಅಕ್ಷ’ದ ಮಾತನ್ನಾಡಿದುದನ್ನೂ, 1938ರ ಏಪ್ರಿಲಿನಲ್ಲಿ ಬ್ರಿಟನ್ನು ಇಟಲಿಯೊಡನೆ ಒಪ್ಪಂದ ಮಾಡಿಕೊಂಡುದನ್ನೂ ನೆನೆದರೆ ಊಹೆಗೆ ಬಲ ಬರುತ್ತದೆ. ಆಸ್ಟ್ರಿಯವಾದರೋ ಅದೇ ವರ್ಷದ ಮಾರ್ಚಿಯಲ್ಲಿ ಜರ್ಮನಿಯ ಹೊಟ್ಟೆಗೆ ಸೇರಿತ್ತು. ತೆರೆಯ ಮೇಲೆ ಆ ಗೋಲಂದಾಜರು ತೊಟ್ಟ ಸಮವಸ್ತ್ರಕ್ಕೆ ಹಿಂದೆ ಸಾಮ್ರಾಜ್ಯವೂ ಇಲ್ಲ, ದೇಶವೂ ಇಲ್ಲ!

ಇಂಗ್ಲಿಷ್ ಚಿತ್ರದ ನಿರ್ಮಾಪಕರ ಕಥೆ ಇನ್ನೂ ವಿಚಿತ್ರವಾದುದು. ಜಾಂಪಿಯೂ, ಫ್ಯಾಸಿಸ್ಟ್ ಇಟಲಿಯನ್ನು ತೊರೆದು ಲಂಡನ್ನಿಗೆ ಬಂದಿದ್ದ ವಕೀಲ ಫಿಲಿಪ್ಪೊ ದೆಲ್ ಜೂದಿಚೆಯೂ ಕೂಡಿ 1937ರಲ್ಲಿ ‘ಟೂ ಸಿಟೀಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರಿನಲ್ಲಿರುವ ಎರಡು ನಗರಗಳು ಲಂಡನ್ ಮತ್ತು ರೋಮ್. ಮುಸ್ಸೋಲಿನಿಯ ರಾಜ್ಯವನ್ನು ಬಿಟ್ಟುಬಂದವನ ಸಂಸ್ಥೆ ಮುಸ್ಸೋಲಿನಿಯ ಸಹಲೇಖಕನ ಕಥೆಯಿಂದಲೇ ವ್ಯವಹಾರ ತೊಡಗಿತು. ಇದನ್ನು ಕಪಟವೆಂದು ಬಗೆಯುವುದು ಸರಿಯಲ್ಲ. ಬಂಡವಾಳವಿಲ್ಲದ ಹೊಸಬರಿಗೆ ಸಿದ್ಧವಾದ ಕಥೆ, ಸಿದ್ಧವಾದ ಚಿತ್ರಶಾಲೆ ದೊರೆತುದೇ ಭಾಗ್ಯ.

1940ರ ಜೂನ್ 10ರಂದು ಇಟಲಿ ಯುದ್ಧ ಸಾರಿತು. ಬ್ರಿಟನ್ನಿನಲ್ಲಿದ್ದ ಇಟಾಲಿಯನ್ನರನ್ನು ಶತ್ರುದೇಶದವರೆಂದು ಬಂಧಿಸಲಾಯಿತು. ಯಾರು ದ್ರೋಹಿ, ಯಾರು ನಿಷ್ಠ ಎಂದು ಒಬ್ಬೊಬ್ಬರನ್ನಾಗಿ ವಿಚಾರಿಸಲು ಅಂದು ವ್ಯವಧಾನವಿರಲಿಲ್ಲ. ಒಬ್ಬನ ಮೇಲಿನ ಶಂಕೆಗಾಗಿ ಹದಿಮೂವರನ್ನು ಸಾಲಾಗಿ ನಿಲ್ಲಿಸುವ ಚಿತ್ರವನ್ನು ತೆಗೆದ ದೆಲ್ ಜೂದಿಚೆ ತಾನೇ ಅಂಥ ಸಾಲಿನಲ್ಲಿ ನಿಲ್ಲಬೇಕಾಯಿತು.

ಬಿಡುಗಡೆಯಾದ ಮೇಲೆ ಆತನ ಸಂಸ್ಥೆ 1942ರಲ್ಲಿ ‘ಇನ್ ವಿಚ್ ವೀ ಸರ್ವ್’ ಎಂಬ ಚಿತ್ರವನ್ನು ಹೊರತಂದಿತು. ಅಲ್ಲಿಯೂ ಯುದ್ಧದ ನಡುವೆ ಒಂದು ತಂಡ. ಆದರೆ ಫಿರಂಗಿಯ ಬದಲು ಬ್ರಿಟಿಷ್ ನೌಕೆ, ಶಂಕೆಯ ಬದಲು ಒಗ್ಗಟ್ಟು. ಲಂಡನ್ನೂ ರೋಮೂ ಪರಸ್ಪರ ಯುದ್ಧದಲ್ಲಿದ್ದ ಆ ವರ್ಷವೂ ಸಂಸ್ಥೆಯ ಹೆಸರು ‘ಟೂ ಸಿಟೀಸ್’ ಎಂದೇ ಉಳಿದಿತ್ತು.